ಪೆನ್‌ಡ್ರೈವ್ ಹೋದರೂ ಹೋಗದ ಹೆಸರು

ಶಿವಮೊಗ್ಗದ ದುರ್ಗಿಗುಡಿ, ನೆಹರು ರಸ್ತೆಯ ಜೆರಾಕ್ಸ್ ಅಂಗಡಿಗಳಿಗಾಗಲಿ, ಭದ್ರಾವತಿಯ ಬಿ.ಎಚ್. ರಸ್ತೆಯ ಸೈಬರ್ ಸೆಂಟರುಗಳಿಗಾಗಲಿ ಬರುವವರಲ್ಲಿ ಬರೀ ನೆರಳಚ್ಚು ತೆಗೆಸಲು ಬರುವವರು ಈಗ ಕಡಿಮೆ. ಆಧಾರ್, ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಪಿಎಫ್ ಅರ್ಜಿ, ಅಂಕಪಟ್ಟಿ ಎಲ್ಲವೂ ಪೆನ್‌ಡ್ರೈವ್‌ನಲ್ಲೋ ವಾಟ್ಸ್‌ಆ್ಯಪ್‌ನಲ್ಲೋ ಬಂದು ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದುಕೊಳ್ಳುತ್ತವೆ. ಪ್ರಿಂಟ್ ಕೈಗೆ ಬಂದರೆ ಗಿರಾಕಿಯ ಮಟ್ಟಿಗೆ ಕೆಲಸ ಮುಗಿಯಿತು. ಆದರೆ ಮುಂದಿನ ಗಿರಾಕಿಗಾಗಿ ಫೋಲ್ಡರ್ ತೆರೆದಾಗ ಹಿಂದಿನವರ ಫೈಲುಗಳ ಹೆಸರು ಸಾಲಾಗಿ ಪರದೆಯ ಮೇಲೆ ನಿಂತಿರುತ್ತವೆ. ಹತ್ತು ಜನ ಬಳಸುವ ಕಂಪ್ಯೂಟರಿನಲ್ಲಿ ಈ ‘ರೀಸೆಂಟ್’ ಪಟ್ಟಿಯನ್ನು ಆಗಾಗ ಅಳಿಸುತ್ತಿದ್ದರೆ ಸಾಲದು, ಅದು ಹುಟ್ಟದಂತೆಯೇ ಮಾಡಿಡಬೇಕು ಎಂಬುದು ನನ್ನ ವಾದ.

ಪಟ್ಟಿಯಲ್ಲಿರುವುದು ಹೆಸರು ಮಾತ್ರ, ಫೈಲು ಅಲ್ಲವಲ್ಲ ಎನ್ನಬಹುದು. ಅದು ಅರ್ಧ ಸತ್ಯ. ವಿಂಡೋಸ್‌ನಲ್ಲಿ ಒಂದು ಫೈಲು ತೆರೆದೊಡನೆ ‘ರೀಸೆಂಟ್’ ಎಂಬ ಒಳಗಿನ ಫೋಲ್ಡರಿನಲ್ಲಿ ಅದರ ಶಾರ್ಟ್‌ಕಟ್ ಸೃಷ್ಟಿಯಾಗುತ್ತದೆ. ಮೂಲ ಫೈಲು ಎಲ್ಲಿತ್ತು, ಗಾತ್ರವೆಷ್ಟು, ಯಾವ ದಿನಾಂಕದ್ದು, ಯಾವ ಡ್ರೈವಿನದು ಎಂಬುದೆಲ್ಲ ಅದರಲ್ಲಿ ದಾಖಲಾಗುತ್ತದೆ. ಪೆನ್‌ಡ್ರೈವ್ ಕಿತ್ತುಕೊಂಡು ಹೋದರೂ ದಾಖಲೆ ಉಳಿಯುತ್ತದೆ. ಇನ್ನು ಹೆಸರೇ ಎಷ್ಟೋ ಹೇಳಿಬಿಡುತ್ತದೆ: ವಿಚ್ಛೇದನದ ಅರ್ಜಿ, ಸ್ಕ್ಯಾನಿಂಗ್ ವರದಿ, ಕೆಲಸದ ರಾಜೀನಾಮೆ ಪತ್ರ. ಪರಿಚಯದವರೇ ಎದುರಾಗುವ ಊರಿನಲ್ಲಿ ಇದಕ್ಕಿಂತ ಹೆಚ್ಚಿನ ಸುಳಿವು ಬೇಕಿಲ್ಲ.

ಫೈಲ್ ಎಕ್ಸ್‌ಪ್ಲೋರರ್‌ನ ಆಪ್ಷನ್ಸ್‌ನಲ್ಲಿ, ಪ್ರೈವಸಿ ಭಾಗದ ‘ಕ್ಲಿಯರ್’ ಒತ್ತಿದರೆ ಎಕ್ಸ್‌ಪ್ಲೋರರ್‌ನ ಪಟ್ಟಿ ಹೋಗುತ್ತದೆ. ಪಿನ್ ಮಾಡಿದ್ದು ಹೋಗುವುದಿಲ್ಲ. ವರ್ಡ್, ಪಿಡಿಎಫ್ ರೀಡರುಗಳು ತಮ್ಮದೇ ಪಟ್ಟಿ ಇಟ್ಟುಕೊಂಡಿರುತ್ತವೆ. ಮುಖ್ಯವಾಗಿ, ವಾಟ್ಸ್‌ಆ್ಯಪ್ ವೆಬ್‌ನಿಂದ ಇಳಿಸಿಕೊಂಡ ಆಧಾರ್ ಡೌನ್‌ಲೋಡ್ಸ್‌ನಲ್ಲೇ ಇರುತ್ತದೆ. ಅಲ್ಲಿಂದ ಡಿಲೀಟ್ ಮಾಡಿದರೆ ರೀಸೈಕಲ್ ಬಿನ್‌ಗೆ ಹೋಗಿ ಕೂರುತ್ತದೆ. ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ 2022ರ ಮೇ 27ರಂದು ಹೊರಡಿಸಿದ ಪ್ರಕಟಣೆಯಲ್ಲಿ, ಇ-ಆಧಾರ್ ಇಳಿಸಲು ಇಂಟರ್ನೆಟ್ ಕೆಫೆಯ ಕಂಪ್ಯೂಟರ್ ಬಳಸಬೇಡಿ, ಬಳಸಿದರೆ ಪ್ರತಿಗಳನ್ನು ಶಾಶ್ವತವಾಗಿ ಅಳಿಸಿ ಎಂಬ ಮಾತಿತ್ತು. ಆಧಾರ್ ನಕಲನ್ನು ಯಾವ ಸಂಸ್ಥೆಗೂ ಕೊಡಬೇಡಿ ಎಂಬ ಅದರ ಇನ್ನೊಂದು ಮಾತು ಗದ್ದಲ ಎಬ್ಬಿಸಿ, ಎರಡೇ ದಿನದಲ್ಲಿ ಇಡೀ ಪ್ರಕಟಣೆಯೇ ವಾಪಸಾಯಿತು. ಗದ್ದಲಕ್ಕೆ ಸಂಬಂಧವೇ ಇಲ್ಲದ ಒಳ್ಳೆಯ ಸಲಹೆಯೂ ಅದರ ಜೊತೆಗೆ ಹೋಯಿತು.

ಕಾನೂನು ದಾಖಲೆ ಇಡು ಎನ್ನುವಾಗ ಅಳಿಸುವುದು ತಪ್ಪಲ್ಲವೇ ಎಂಬ ಆಕ್ಷೇಪಕ್ಕೆ ತೂಕವಿದೆ. 2011ರ ಸೈಬರ್ ಕೆಫೆ ನಿಯಮಗಳ ಪ್ರಕಾರ ಬಳಕೆದಾರರ ನೋಂದಣಿ ಮತ್ತು ನೋಡಿದ ಜಾಲತಾಣಗಳ ಲಾಗ್ ಕನಿಷ್ಠ ಒಂದು ವರ್ಷ ಇರಬೇಕು. ಸಾಕ್ಷ್ಯವಾಗಬಲ್ಲ ವಿದ್ಯುನ್ಮಾನ ದಾಖಲೆಯನ್ನು ಅದು ಸಾಕ್ಷ್ಯವಾಗದಿರಲಿ ಎಂದೇ ನಾಶಮಾಡುವುದು ಭಾರತೀಯ ನ್ಯಾಯ ಸಂಹಿತೆಯ 241ನೇ ಕಲಮಿನಡಿ ಅಪರಾಧ. ಆದರೆ ಆ ನಿಯಮ ಕೇಳುವುದು ಯಾರು ಬಂದರು, ಯಾವ ತಾಣ ನೋಡಿದರು ಎಂಬುದನ್ನು, ಗಿರಾಕಿಯ ಅಂಕಪಟ್ಟಿಯನ್ನಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೂ, ಬೇರೆ ಕಾನೂನು ಇಡು ಎನ್ನದಿದ್ದರೆ, ಉದ್ದೇಶ ಮುಗಿದ ಮಾಹಿತಿಯನ್ನು ಅಳಿಸಬೇಕೆಂಬುದೇ.

ಅಂಗಡಿಯವರ ಆಕ್ಷೇಪ ಇದಕ್ಕಿಂತ ಗಟ್ಟಿ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಸಿದ ಬಾಡಿಗೆ ಕರಾರನ್ನೋ ಲಗ್ನಪತ್ರಿಕೆಯನ್ನೋ ತಿದ್ದಿಸಲು ಗಿರಾಕಿ ವಾರ ಬಿಟ್ಟು ಬರುತ್ತಾನೆ, ‘ಅವತ್ತಿನ ಫೈಲ್ ಇದೆಯಾ’ ಎಂದು ಕೇಳುತ್ತಾನೆ. ಆಗ ಆ ಪಟ್ಟಿಯೇ ಕೈಹಿಡಿಯುವುದು. ನಿಜ, ಟೈಪಿಂಗ್ ಕೆಲಸಕ್ಕೆ ಪಟ್ಟಿ ಬೇಕು. ಅದಕ್ಕೆ ಒಂದು ಯೂಸರ್ ಅಕೌಂಟ್, ಪ್ರಿಂಟ್‌ಗೆಂದು ಬರುವ ಫೈಲುಗಳಿಗೆ ಇನ್ನೊಂದು ಇಟ್ಟುಕೊಂಡರೆ ಸಾಕು. ಎರಡನೆಯದರಲ್ಲಿ ಸೆಟ್ಟಿಂಗ್ಸ್, ಪರ್ಸನಲೈಸೇಷನ್, ಸ್ಟಾರ್ಟ್ ಎಂದು ಹೋಗಿ, ಇತ್ತೀಚೆಗೆ ತೆರೆದದ್ದನ್ನು ತೋರಿಸುವ ಗುಂಡಿಯನ್ನು ಒಮ್ಮೆ ಆಫ್ ಮಾಡಬೇಕು, ಸಂಜೆ ಬಾಗಿಲು ಹಾಕುವ ಮುನ್ನ ಡೌನ್‌ಲೋಡ್ಸನ್ನೂ ರೀಸೈಕಲ್ ಬಿನ್ನನ್ನೂ ಖಾಲಿ ಮಾಡಬೇಕು. ಮನೆಯಲ್ಲಿ ಒಬ್ಬರೇ ಬಳಸುವ ಕಂಪ್ಯೂಟರಿಗೆ ಇದಾವುದೂ ಬೇಕಿಲ್ಲ.