ಕರಡಿಕಲ್ಲು ಗುಡ್ಡದಿಂದ ಅಂಟಿನ ಪರೀಕ್ಷೆಯವರೆಗೆ

ಹಂಪಿ ಮುಗಿಸಿ ಕಮಲಾಪುರ ದಾಟಿ ಮುಂದೆ ಬಂದರೆ ದರೋಜಿ ಕರಡಿಧಾಮ. 1994ರಲ್ಲಿ ಘೋಷಣೆಯಾದ ಈ ಕುರುಚಲು ಕಾಡು ಇಂದು 82.72 ಚದರ ಕಿ.ಮೀ. ಹರಡಿದೆ. ವೀಕ್ಷಣಾ ಗೋಪುರ ಹತ್ತಿದರೆ ಎದುರಿಗೇ ಕರಡಿಕಲ್ಲು ಗುಡ್ಡ. ಅರಣ್ಯ ಸಿಬ್ಬಂದಿ ಬಂಡೆಗಳಿಗೆ ಬೆಲ್ಲದ ಪಾಕ ಬಳಿದು ಹೋಗುತ್ತಾರೆ. ಬಿಸಿಲಿಳಿಯುತ್ತಿದ್ದಂತೆ ಗವಿಗಳಿಂದ ಕರಡಿಗಳು ಇಳಿಯುತ್ತವೆ. ಕೆಲವೊಮ್ಮೆ ಬೆನ್ನ ಮೇಲೆ ಮರಿ ಹೊತ್ತ ತಾಯಿಯೂ.

ದುರ್ಬೀನು ಇದ್ದರೆ ಮುಂಗಾಲಿನ ಉಗುರುಗಳನ್ನು ನೋಡಿ. ಮೂರು ಇಂಚು ಉದ್ದದ, ಬಾಗಿದ ಉಗುರು. ಗಟ್ಟಿ ಹುತ್ತವನ್ನು ಒಡೆದು, ಮೂಗಿನ ಹೊಳ್ಳೆ ಮುಚ್ಚಿಕೊಂಡು ಗೆದ್ದಲು ಹೀರುವ ಪ್ರಾಣಿ ಇದು. ಅದಕ್ಕೆ ಮನುಷ್ಯನ ಮಾಂಸ ಬೇಕಿಲ್ಲ. ಆದರೆ ಸುತ್ತಲಿನ ಶೇಂಗಾ, ಮೆಕ್ಕೆಜೋಳ, ಬಾಳೆ ತೋಟಗಳ ಬದುವಿನಲ್ಲಿ ಥಟ್ಟನೆ ಎದುರಾದರೆ, ಬೆದರಿ ಮೇಲೆರಗುತ್ತದೆ. ಪೆಟ್ಟು ಬೀಳುವುದು ಹೆಚ್ಚಾಗಿ ತಲೆಗೆ, ಮುಖಕ್ಕೆ. ಮೂಗು, ಕಿವಿ ಹರಿದುಹೋಗುತ್ತವೆ.

ಸಂಡೂರು, ಕಂಪ್ಲಿ ಕಡೆಯ ಗಾಯಾಳುಗಳಿಗೆ ದೊಡ್ಡಾಸ್ಪತ್ರೆ ಎಂದರೆ ಬಳ್ಳಾರಿ. ಮೊದಲು ಗಾಯ ತೊಳೆಯಬೇಕು, ರೇಬೀಸ್ ಲಸಿಕೆ ಕೊಡಬೇಕು, ಸೋಂಕು ತಡೆಯಬೇಕು. ಹಾಳಾದ ಮೂಗನ್ನು ಮತ್ತೆ ಕಟ್ಟುವ ಕೆಲಸ ಎಷ್ಟೋ ಸಲ ಆಮೇಲಿನದು. ಅದಕ್ಕೆ ಕಿವಿಯಿಂದಲೋ ಪಕ್ಕೆಲುಬಿನಿಂದಲೋ ಮೃದ್ವಸ್ಥಿಯ ಚೂರು ತೆಗೆದು ಕಸಿ ಮಾಡುತ್ತಾರೆ. ಆ ಚೂರು ಜರುಗದಂತೆ ಹಿಡಿಯಲು ಹೊಲಿಗೆಯ ಜೊತೆ ಶಸ್ತ್ರಚಿಕಿತ್ಸೆಯ ಅಂಟನ್ನೂ ಬಳಸುವುದುಂಟು.

ಮೃದ್ವಸ್ಥಿಗೆ ತನ್ನದೇ ರಕ್ತನಾಳಗಳಿಲ್ಲ. ಸುತ್ತಲಿನ ಅಂಗಾಂಶದಿಂದ ಒಸರುವ ಪೋಷಣೆಯೇ ಅದರ ಜೀವಾಳ. ನಡುವೆ ಅಂಟಿನ ದಪ್ಪ ಪದರ ಕೂತರೆ ಆ ದಾರಿಯೇ ಮುಚ್ಚಿ, ಕಸಿ ಕರಗಿಹೋಗಬಹುದು. ರಕ್ತದ ಫೈಬ್ರಿನೋಜೆನ್, ಥ್ರಾಂಬಿನ್ ಸೇರಿಸಿ ಮಾಡುವ ಫೈಬ್ರಿನ್ ಅಂಟು ದೇಹದಲ್ಲಿ ತಾನೇ ಕರಗುತ್ತದೆ. ಹಿಡಿತ ಮಾತ್ರ ಕಡಿಮೆ. ಸಯನೋಆಕ್ರಿಲೇಟ್ ಬಿಗಿಯಾಗಿ ಹಿಡಿಯುತ್ತದೆ. ಆದರೆ ಗಟ್ಟಿಯಾಗುವಾಗ ಬಿಸಿ ಹುಟ್ಟಿಸುತ್ತದೆ, ಒಡೆಯುವಾಗ ಫಾರ್ಮಾಲ್ಡಿಹೈಡ್ ಬಿಡುತ್ತದೆ. ಅಂಗಡಿಯಲ್ಲಿ ಸಿಗುವ ಇದೇ ಬಗೆಯ ದಿಢೀರ್ ಅಂಟನ್ನು ಗಾಯಕ್ಕೆ ಹಚ್ಚಲೇಬಾರದು ಎನ್ನುವುದು ಇದಕ್ಕೇ.

ಹಾಗಾಗಿ ಅಂಟಿಗೂ ಪರೀಕ್ಷೆ ಇದೆ. ಐಎಸ್‌ಒ 10993 ಮಾನದಂಡದಂತೆ ಅದರ ಸಾರವನ್ನು ಇಲಿಯ ಎಲ್929 ಜೀವಕೋಶಗಳ ಮೇಲೆ ಸುರಿದು ನೋಡುತ್ತಾರೆ. ಬದುಕುಳಿದ ಕೋಶ ಶೇ. 70ಕ್ಕಿಂತ ಕಡಿಮೆಯಾದರೆ ವಿಷಕಾರಕವೆಂಬ ಸೂಚನೆ. ಮುಂದೆ ಚರ್ಮದ ಅಲರ್ಜಿ, ಆಮೇಲೆ ಪ್ರಾಣಿಯ ದೇಹದೊಳಗಿಟ್ಟು ವಾರ, ತಿಂಗಳುಗಳ ನಂತರ ಸೂಕ್ಷ್ಮದರ್ಶಕದಡಿ ಉರಿಯೂತ, ನಾರುಗಟ್ಟುವಿಕೆಯ ತಪಾಸಣೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಪೂಜಪ್ಪುರ ಪ್ರಯೋಗಾಲಯಗಳಲ್ಲಿ ಇಂಥ ಪರೀಕ್ಷೆಗಳು ನಡೆಯುತ್ತವೆ.

ಎಲ್929 ಸಂಯೋಜಕ ಅಂಗಾಂಶದ ಕೋಶ, ಮೃದ್ವಸ್ಥಿಯದಲ್ಲ. ಅಲ್ಲಿ ಪಾಸಾದ ಮಾತ್ರಕ್ಕೆ ಮೂಗಿನ ಕಸಿಗೂ ಸುರಕ್ಷಿತ ಎನ್ನಲಾಗದು. ಮೃದ್ವಸ್ಥಿಯ ಕೋಶಗಳ ಮೇಲೆ, ಮೃದ್ವಸ್ಥಿಯ ಕಸಿಯ ಮೇಲೆಯೇ ಪ್ರತ್ಯೇಕವಾಗಿ, ತಿಂಗಳುಗಟ್ಟಲೆ ನೋಡಬೇಕು. ದರೋಜಿಯ ಸುತ್ತಲಿನ ರೈತ ಕರಡಿಯ ಜೊತೆ ನೆರೆಹೊರೆಯಾಗಿ ಬದುಕುವ ಅಪಾಯವನ್ನು ನಮ್ಮೆಲ್ಲರ ಪರವಾಗಿ ಹೊತ್ತಿದ್ದಾನೆ. ಅವನ ಮುಖಕ್ಕೆ ಹಚ್ಚುವ ಅಂಟು ಅವನ ಮೇಲೆಯೇ ಮೊದಲ ಸಲ ಪರೀಕ್ಷೆಗೊಳಗಾಗಬಾರದು.