ತುಕ್ಕು ಓದುವ ಪೈಲಟ್

ಹಿರಿಯೂರು ಕಡೆಯ ಹೊಲವೊಂದರಲ್ಲಿ 40 ಮೀಟರ್ ಎತ್ತರದ ಮೊಬೈಲ್ ಟವರು. ಅದರ ತುದಿಯ ಪಕ್ಕದಲ್ಲಿ ಡ್ರೋನ್ ಅಲುಗಾಡದೆ ನಿಂತಿದೆ. ಕೆಳಗೆ ಪೈಲಟ್ ಕೈಯಲ್ಲಿರುವ ಪರದೆಯ ತುಂಬ ಒಂದೇ ಒಂದು ಬೋಲ್ಟು. "ಇದು ಸಡಿಲ ಆಗೈತೆ ನೋಡಿ ಸರ್" ಅಂದರು ಅವರು. ನನಗೆ ಕಂಡದ್ದು ಬೋಲ್ಟಿನಿಂದ ಕೆಳಗಿಳಿದ ಕಂದು ಗೆರೆ ಮಾತ್ರ. "ಆ ಗೆರೇನೇ ಹೇಳೋದು. ಸಂದಿ ಬಿಟ್ಟ ಕಡೆ ಮಳೆನೀರು ಒಳಗೋಗಿ ತುಕ್ಕು ತಗೊಂಡು ಆಚೆ ಬರ್ತೈತೆ. ಬಿಗಿ ಇದ್ರೆ ಹಿಂಗೆ ಸೋರಲ್ಲ."

ಡ್ರೋನ್ ಹಾರಿಸುವವರು ಈಗ ಊರೂರಿಗೆ ಇದ್ದಾರೆ. ಈ ಗೆರೆಯನ್ನು ಹೀಗೆ ಓದಬಲ್ಲವರು ಕಡಿಮೆ. ಇವರು ಪೈಲಟ್ ಆಗುವ ಮೊದಲು ವರ್ಷಗಟ್ಟಲೆ ಸೊಂಟಕ್ಕೆ ಬೆಲ್ಟು ಬಿಗಿದು, ಸ್ಪ್ಯಾನರ್ ನೇತುಹಾಕಿಕೊಂಡು ಟವರ್ ಹತ್ತಿದವರು. ಟವರಿನ ಕಬ್ಬಿಣಕ್ಕೆ ಸತುವಿನ ಲೇಪನ ಇರುತ್ತದೆ. ಬಿಳಿ ಪುಡಿಯಂತೆ ಕಂಡರೆ ಅದು ಸತುವಿನ ತುಕ್ಕು, ಸದ್ಯಕ್ಕೆ ಭಯವಿಲ್ಲ. ಕೆಂಪು ಕಂಡರೆ ಲೇಪನ ಹೋಗಿ ಕಬ್ಬಿಣವೇ ಕರಗತೊಡಗಿದೆ ಎಂದರ್ಥ. ಕೈಬೆರಳು ಆಡಿಸಿ ಕಲಿತ ಈ ವ್ಯತ್ಯಾಸವನ್ನು ಅವರು ಈಗ ಪರದೆಯಲ್ಲೇ ಹಿಡಿಯುತ್ತಾರೆ.

ಹೆಜ್ಜೇನಿನ ಮಾತು ಬಂದಾಗ ಅವರ ದನಿ ಬದಲಾಯಿತು. ಬಯಲುಸೀಮೆಯಲ್ಲಿ ಎತ್ತರದ ಮರಗಳು ಕಡಿಮೆ, ಹೆಜ್ಜೇನು ಟವರಿನ ಪಟ್ಟಿಗಳಿಗೇ ಗೂಡು ಕಟ್ಟುತ್ತದೆ. ಮೂವತ್ತು ಮೀಟರ್ ಮೇಲೆ ಬೆಲ್ಟು ಕಟ್ಟಿಕೊಂಡಿರುವಾಗ ಹುಳು ಎದ್ದರೆ ಓಡುವುದೆಲ್ಲಿಗೆ? ಮುಖ ಮುಚ್ಚಿಕೊಳ್ಳಬೇಕೆಂದರೆ ಕೈ ಬಿಡಬೇಕು. ಅವರ ಜೊತೆಗಾರ ಒಮ್ಮೆ ಹಾಗೆ ಕಚ್ಚಿಸಿಕೊಂಡು, ಒಂದೊಂದೇ ಮೆಟ್ಟಿಲು ತಡವಿಕೊಂಡು ಇಳಿದರಂತೆ. ಇವತ್ತಿಗೂ ಇವರ ಮೊದಲ ಸುತ್ತು ದೂರದಿಂದಲೇ, ಗೂಡು ಹುಡುಕುವುದಕ್ಕೆ. ಗೂಡಿದ್ದರೆ ಆ ಮಗ್ಗುಲಿಗೆ ಡ್ರೋನ್ ಹೋಗುವುದಿಲ್ಲ, ರೆಕ್ಕೆಯ ಸದ್ದಿಗೆ ಹುಳು ಎದ್ದರೆ ಕಚ್ಚಿಸಿಕೊಳ್ಳುವವರು ಕೆಳಗೆ ಕಳೆ ಕೀಳುತ್ತಿರುವವರು. ಹದ್ದು ಮರಿ ಮಾಡಿರುವ ಟವರಿಗೂ ಇದೇ ಮರ್ಯಾದೆ.

ಇವರು ಹತ್ತಿದ ಈ ಟವರುಗಳ ಚರಿತ್ರೆಯನ್ನು ನನಗೆ ಹೇಳಿದವರು ಪೈಲಟ್ ಅವರ ಹಳೆಯ ಸೂಪರ್‌ವೈಸರ್. ಮೊದಲು ಇದ್ದದ್ದು ದೂರಸಂಪರ್ಕ ಇಲಾಖೆಯ ಮೈಕ್ರೋವೇವ್ ಟವರುಗಳು. 1995ರ ಜುಲೈ 31ರಂದು ಕಲ್ಕತ್ತದಿಂದ ದೆಹಲಿಗೆ ದೇಶದ ಮೊದಲ ಮೊಬೈಲ್ ಕರೆ ಹೋಯಿತು. ಆಮೇಲಿನ ವರ್ಷಗಳಲ್ಲಿ ಹೊಲಗದ್ದೆ, ತಾರಸಿಗಳ ಮೇಲೆಲ್ಲ ಟವರು ಎದ್ದವು, ಹತ್ತುವ ಹುಡುಗರಿಗೆ ಕೆಲಸ ಸಿಕ್ಕಿತು.

ಹಾಗೆ ಹತ್ತಿ ನೋಡುತ್ತಿದ್ದ ಟವರನ್ನು ಕೆಳಗಿಂದಲೇ ನೋಡಲು ಎಂಥ ಡ್ರೋನ್ ಬೇಕು? ಮದುವೆ ವಿಡಿಯೊ ತೆಗೆಯುವ ಡ್ರೋನ್ ಸಾಲದು. ಮೊದಲು ನೋಡಬೇಕಾದ್ದು ಜೂಮ್. ದೂರ ನಿಂತು ಬೋಲ್ಟು ಕಾಣಬೇಕು. ಎರಡನೆಯದು ಗಾಳಿ ತಡೆಯುವ ಶಕ್ತಿ. ನೆಲದಲ್ಲಿ ಎಲೆ ಅಲ್ಲಾಡದಿದ್ದರೂ ಮೇಲೆ ಗಾಳಿ ಬೀಸುತ್ತಿರುತ್ತದೆ. ವಿದೇಶದ ಸಿದ್ಧ ಡ್ರೋನ್‌ಗಳ ಆಮದನ್ನು 2022ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ್ದರಿಂದ ಹೊಸದು ಕೊಳ್ಳುವವರು ದೇಶದಲ್ಲೇ ತಯಾರಾದದ್ದನ್ನು ನೋಡುತ್ತಾರೆ.

ಹಾರಿಸುವಾಗ ದೊಡ್ಡ ಶತ್ರು ಟವರಿನ ಕಬ್ಬಿಣವೇ. ಅದು ಡ್ರೋನ್‌ನ ದಿಕ್ಸೂಚಿಯನ್ನು ತಪ್ಪಿಸುತ್ತದೆ, ಹಾಗಾಗಿ ಬುಡದಿಂದ ದೂರ ಹೋಗಿ ಏರಿಸಬೇಕು. ತಡೆ ಗುರುತಿಸುವ ಸೆನ್ಸರ್‌ಗಳಿಗೆ ತೆಳು ತಂತಿ ಕಾಣದೇ ಹೋಗಬಹುದು. ಆಂಟೆನಾದ ನೇರ ಮುಂದೆ ತೀರಾ ಹತ್ತಿರ ನಿಲ್ಲಬಾರದು. ಟವರಿನ ಒಂದೊಂದೇ ಕಾಲಿನ ಗುಂಟ ಡ್ರೋನ್ ಏರಿಸಿ, ಆಂಟೆನಾಗಳ ದಿಕ್ಕು, ಕೇಬಲ್ ಕ್ಲಾಂಪು, ತುದಿಯ ಕೆಂಪು ದೀಪ, ಸಿಡಿಲು ತಡೆ ಕಡ್ಡಿ ಎಲ್ಲದರ ಫೋಟೊ ತೆಗೆಯುತ್ತಾರೆ. ಸಡಿಲ ಬೋಲ್ಟನ್ನು ಬಿಗಿಯಲು ಮಾತ್ರ ಮನುಷ್ಯನೇ ಹತ್ತಬೇಕು. ಆದರೆ ಯಾವ ಬೋಲ್ಟು ಎಂದು ಗೊತ್ತಿದ್ದು ಹತ್ತುತ್ತಾನೆ, ಬೇಗ ಇಳಿಯುತ್ತಾನೆ.

ಹಾರಿಸಲು ಬಂದರಷ್ಟೇ ಸಾಲದು. 2021ರ ಡ್ರೋನ್ ನಿಯಮಗಳ ಪ್ರಕಾರ ಎರಡು ಕಿಲೊ ಒಳಗಿನ ಮೈಕ್ರೋ ಡ್ರೋನನ್ನೂ ವ್ಯಾಪಾರಕ್ಕೆ ಹಾರಿಸಬೇಕಾದರೆ ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕು. ಹಸಿರು ವಲಯದಲ್ಲಿ 400 ಅಡಿವರೆಗೆ ಹಾರಿಸಲು ಬೇರೆ ಅನುಮತಿ ಬೇಡ. ಪ್ರಮಾಣಪತ್ರಕ್ಕೆ 18ರಿಂದ 65ರ ನಡುವಿನ ವಯಸ್ಸು, ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತರಬೇತಿ, ಜೊತೆಗೆ ಹತ್ತನೇ ತರಗತಿ ಪಾಸು.

ಟವರ್ ಹತ್ತುತ್ತಿದ್ದ ಎಷ್ಟೋ ಹುಡುಗರು ಆ ಹತ್ತನೇ ತರಗತಿಯ ಹೊಸ್ತಿಲಲ್ಲೇ ನಿಂತುಬಿಟ್ಟಿದ್ದಾರೆ. ಅಷ್ಟು ಓದದೆ ಇದ್ದದ್ದಕ್ಕೇ ಅವರು ಟವರ್ ಹತ್ತಲು ಬಂದದ್ದು. ಪಾಸಾದವರಿಗೆ ತರಬೇತಿಯ ಶುಲ್ಕ ಅಡ್ಡ ಬರುತ್ತದೆ. ನಿಯಮ ಸಡಿಲಿಸಿ ಎಂದು ನಾನು ಕೇಳುತ್ತಿಲ್ಲ. ಮುಕ್ತ ಶಾಲೆಯ ಪರೀಕ್ಷೆ ಇದೆ; ಇಷ್ಟು ವರ್ಷ ಇವರನ್ನು ಟವರ್ ಹತ್ತಿಸಿದ ಕಂಪನಿಗಳು ಆ ಪರೀಕ್ಷೆ ಕಟ್ಟಿಸಿ, ತರಬೇತಿಗೆ ಕಳಿಸಬಹುದಲ್ಲ? ಜೀವ ಉಳಿಸುವ ಯಂತ್ರ ಬಂದಿದೆ, ಸಂತೋಷ. ಜೀವ ಪಣವಿಟ್ಟವರಿಗೇ ಅದು ಮೊದಲು ಸಿಗಬೇಕಿತ್ತು.

ಹೆಜ್ಜೇನು ಕಚ್ಚಿಸಿಕೊಂಡ ಆ ಜೊತೆಗಾರ ಈಗ ಬೆಂಗಳೂರಿನ ಅಪಾರ್ಟ್‌ಮೆಂಟೊಂದರಲ್ಲಿ ಸೆಕ್ಯೂರಿಟಿ ಕೆಲಸದಲ್ಲಿದ್ದಾರೆ. "ನನಗಿಂತ ಚೆನ್ನಾಗಿ ಕಬ್ಬಿಣ ಗೊತ್ತು ಅವನಿಗೆ" ಅಂದರು ಪೈಲಟ್. ಅನುಮಾನ ಬಂದಾಗ ಇವರು ವಾಟ್ಸಾಪಿನಲ್ಲಿ ಫೋಟೊ ಕಳಿಸುತ್ತಾರೆ. ಗೇಟಿನ ಬಳಿ ಕೂತವರಿಂದ ಉತ್ತರ ಬರುತ್ತದೆ: ಬದಲಾಯಿಸು, ಅಥವಾ ಇನ್ನೊಂದು ಮಳೆಗಾಲ ತಡೆಯುತ್ತೆ. ವರದಿಯಲ್ಲಿ ಆ ಉತ್ತರ ಇರುತ್ತದೆ, ಅದನ್ನು ಕೊಟ್ಟವರ ಹೆಸರು ಇರುವುದಿಲ್ಲ.