ವೆಬ್‌ಸೈಟ್‌ನ ಒಡಲಲ್ಲಿ ಏನಿದೆ? ಸಿಎಂಎಸ್ ಆರಿಸುವ ಮುನ್ನ ನೋಡಬೇಕಾದ್ದು

ವೆಬ್ ವಿನ್ಯಾಸದ ಕಚೇರಿ ತೆರೆದವರ ಮುಂದೆ ಶುರುವಿನಲ್ಲೇ ಒಂದು ಪ್ರಶ್ನೆ ಬಂದು ನಿಲ್ಲುತ್ತದೆ. ಗ್ರಾಹಕರ ಸೈಟುಗಳನ್ನೆಲ್ಲ ಯಾವ ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಂ, ಅಂದರೆ ಯಾವ ಸಿಎಂಎಸ್ ಮೇಲೆ ಕಟ್ಟಬೇಕು? ವರ್ಡ್‌ಪ್ರೆಸ್, ಡ್ರೂಪಲ್, ಜೂಮ್ಲಾ ಇವೆ. ವಿಕ್ಸ್, ಶಾಪಿಫೈಗಳಂಥ ಬಾಡಿಗೆಯ ವ್ಯವಸ್ಥೆಗಳೂ ಇವೆ. ಹೋಲಿಕೆ ಪಟ್ಟಿಗಳು ಥೀಮ್ ಎಷ್ಟು, ಪ್ಲಗಿನ್ ಎಷ್ಟು, ತಿಂಗಳ ಖರ್ಚೆಷ್ಟು ಎಂದು ಹೇಳುತ್ತವೆ. ಅವೂ ಬೇಕಾದ ಮಾಹಿತಿಯೇ. ಆದರೆ ನಾನು ಮೊದಲು ನೋಡು ಎನ್ನುವುದು ಪರದೆಯ ಮೇಲೆ ಕಾಣದ ಡೇಟಾಬೇಸನ್ನು. ಗ್ರಾಹಕರು ಬರೆದದ್ದನ್ನು ಈ ವ್ಯವಸ್ಥೆ ಯಾವ ರೂಪದಲ್ಲಿ ಇಟ್ಟುಕೊಳ್ಳುತ್ತದೆ, ಬಿಟ್ಟು ಹೋಗುವಾಗ ಯಾವ ರೂಪದಲ್ಲಿ ವಾಪಸ್ ಕೊಡುತ್ತದೆ? ಇದು ಗೊತ್ತಾದರೆ ಉಳಿದ ಲೆಕ್ಕಾಚಾರ ಸುಲಭ.

ವೆಬ್‌ನ ಮೊದಲ ದಿನಗಳಲ್ಲಿ ಪ್ರತಿ ಪುಟವೂ ಸರ್ವರ್‌ನಲ್ಲಿ ಒಂದೊಂದು ಕಡತವಾಗಿತ್ತು. ಅಂಗಡಿಯ ಫೋನ್ ನಂಬರ್ ಬದಲಾದರೆ ಅಷ್ಟೂ ಕಡತಗಳನ್ನು ತೆರೆದು ತಿದ್ದಬೇಕಿತ್ತು. ಸಿಎಂಎಸ್ ಬಂದು ಬರಹವನ್ನೂ ವಿನ್ಯಾಸವನ್ನೂ ಬೇರ್ಪಡಿಸಿತು. ಬರಹ ಡೇಟಾಬೇಸ್‌ನಲ್ಲಿ, ವಿನ್ಯಾಸ ಟೆಂಪ್ಲೇಟ್‌ನಲ್ಲಿ. ಓದುಗರು ವಿಳಾಸ ಒತ್ತಿದಾಗ ಸರ್ವರ್‌ನಲ್ಲಿರುವ ಪಿಎಚ್‌ಪಿ ಪ್ರೋಗ್ರಾಂ ಡೇಟಾಬೇಸನ್ನು ಕೇಳಿ ಬರಹ ತರುತ್ತದೆ, ಟೆಂಪ್ಲೇಟ್‌ಗೆ ತುಂಬುತ್ತದೆ, ಪುಟವನ್ನು ಆಗಲೇ ತಯಾರಿಸಿ ಕಳಿಸುತ್ತದೆ. ಒಂದು ಸಲ ತಯಾರಾದ ಪುಟವನ್ನು ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡು ಬಂದವರಿಗೆಲ್ಲ ಹಂಚುವುದೇ ಕ್ಯಾಶ್.

ಈಗ ಕನ್ನಡದ ಪ್ರಕಾಶಕರೊಬ್ಬರು ತಮ್ಮ 600 ಪುಸ್ತಕಗಳಿಗೆ ಸೈಟ್ ಮಾಡಿಕೊಡಿ ಎಂದು ಬಂದಿದ್ದಾರೆ ಎಂದುಕೊಳ್ಳಿ. ಪ್ರತಿ ಪುಸ್ತಕಕ್ಕೂ ಹೆಸರು, ಲೇಖಕರು, ಬೆಲೆ, ಪುಟಗಳ ಸಂಖ್ಯೆ, ಮುದ್ರಣದ ವರ್ಷ, ಮುಖಪುಟ, ನಾಲ್ಕು ಸಾಲಿನ ಪರಿಚಯ ಇರುತ್ತದೆ. ಇವನ್ನೆಲ್ಲ ಒಂದು ಪುಟದಲ್ಲಿ ಚೆಂದವಾಗಿ ಜೋಡಿಸಿ ಪ್ರಕಟಿಸಿಬಿಡುವುದು ಸುಲಭದ ದಾರಿ. ವರ್ಡ್‌ಪ್ರೆಸ್‌ನಲ್ಲಿ ಹಾಗೆ ಮಾಡಿದರೆ ಅಷ್ಟೂ ವಿವರ ಡೇಟಾಬೇಸ್‌ನ ಒಂದೇ ಅಂಕಣದಲ್ಲಿ, ಎಚ್‌ಟಿಎಂಎಲ್ ಗುರುತುಗಳ ಸಮೇತ, ಒಂದು ಉದ್ದನೆಯ ಪಠ್ಯವಾಗಿ ಹೋಗಿ ಕೂರುತ್ತದೆ. ಅಕ್ಕಿ, ಬೇಳೆ, ಬೆಲ್ಲವನ್ನು ಒಂದೇ ಚೀಲಕ್ಕೆ ಸುರಿದ ಹಾಗೆ. ಕಣ್ಣಿಗೆ ಎಲ್ಲವೂ ಸರಿಯಾಗಿ ಕಾಣುತ್ತದೆ. ಎರಡು ವರ್ಷದ ನಂತರ ಪ್ರಕಾಶಕರು ‘ಇನ್ನೂರು ರೂಪಾಯಿ ಒಳಗಿನ ಪುಸ್ತಕಗಳನ್ನು ಒಂದು ಕಡೆ ತೋರಿಸಿ ಸರ್’ ಎಂದಾಗ ತೊಂದರೆ ಗೊತ್ತಾಗುತ್ತದೆ. ಆ ಪಠ್ಯದಲ್ಲಿ ಬೆಲೆ ಯಾವುದು, ಪುಟಸಂಖ್ಯೆ ಯಾವುದು ಎಂಬುದು ಕಂಪ್ಯೂಟರ್‌ಗೆ ತಿಳಿಯುವುದಿಲ್ಲ. 600 ಪುಟಗಳನ್ನೂ ಯಾರಾದರೂ ಕೂತು ಬಿಡಿಸಬೇಕು.

ಕೆಲವು ಪೇಜ್ ಬಿಲ್ಡರ್ ಪ್ಲಗಿನ್‌ಗಳಿಂದ ಇದು ಇನ್ನೂ ಜಟಿಲವಾಗುತ್ತದೆ. ಅವು ಬರಹದ ನಡುನಡುವೆ ಚೌಕ ಆವರಣದೊಳಗೆ ತಮ್ಮದೇ ಸಂಕೇತಗಳನ್ನು ಸೇರಿಸಿ ಉಳಿಸುತ್ತವೆ. ಪ್ಲಗಿನ್ ಇರುವ ತನಕ ಆ ಸಂಕೇತಗಳು ಸಾಲು, ಅಂಕಣ, ಬಟನ್ನುಗಳಾಗಿ ಕಾಣುತ್ತವೆ. ಪ್ಲಗಿನ್ ತೆಗೆದ ದಿನ ಪುಟದ ತುಂಬ ಬರೀ ಚೌಕ ಆವರಣಗಳು.

ವಿವರಗಳನ್ನು ಬಿಡಿಬಿಡಿಯಾಗಿ ಇಡುವುದೇ ಸರಿಯಾದ ದಾರಿ. ವರ್ಡ್‌ಪ್ರೆಸ್‌ನಲ್ಲಿ ‘ಪುಸ್ತಕ’ ಎಂಬ ಹೊಸ ಬಗೆಯನ್ನು ಸೃಷ್ಟಿಸಿ, ಅದಕ್ಕೆ ಬೆಲೆ, ಲೇಖಕರು ಎಂಬ ಫೀಲ್ಡುಗಳನ್ನು ಕೊಡಬಹುದು. 2010ರ 3.0 ಆವೃತ್ತಿಯಿಂದ ಹೊಸ ಬಗೆಗಳನ್ನು ಮಾಡುವುದು ಸಲೀಸಾಗಿದೆ. ಆದರೂ ಇಲ್ಲೊಂದು ಗಂಟಿದೆ. ಈ ಫೀಲ್ಡುಗಳೆಲ್ಲ ‘ಪೋಸ್ಟ್‌ಮೆಟಾ’ ಎಂಬ ಒಂದೇ ಕೋಷ್ಟಕಕ್ಕೆ ಹೋಗುತ್ತವೆ, ಮತ್ತು ಅಲ್ಲಿ ಪ್ರತಿ ಮೌಲ್ಯವೂ ಪಠ್ಯವೇ. 90, 250, 1000 ರೂಪಾಯಿಯ ಮೂರು ಪುಸ್ತಕಗಳನ್ನು ಏರಿಕೆಯ ಕ್ರಮದಲ್ಲಿ ತೋರಿಸು ಎಂದರೆ 1000 ಮೊದಲು, ಆಮೇಲೆ 250, ಕೊನೆಗೆ 90 ಬರುತ್ತದೆ. ನಿಘಂಟಿನ ಪದಗಳನ್ನು ಜೋಡಿಸುವ ಕ್ರಮದಲ್ಲೇ ಅಂಕಿಗಳನ್ನೂ ಜೋಡಿಸಿರುತ್ತದೆ: ಒಂದು, ಎರಡು, ಒಂಬತ್ತು. ಇವನ್ನು ಸಂಖ್ಯೆಯೆಂದು ಎಣಿಸು ಎಂದು ಡೆವಲಪರ್ ಬೇರೆಯಾಗಿ ಹೇಳಬೇಕು. ಡ್ರೂಪಲ್‌ನ ರಚನೆ ಬೇರೆ. 2011ರ ಜನವರಿಯಲ್ಲಿ ಬಂದ 7ನೇ ಆವೃತ್ತಿಯಿಂದ ಅದರ ಮೂಲದಲ್ಲೇ ಫೀಲ್ಡ್ ವ್ಯವಸ್ಥೆ ಇದೆ. ಸಾಮಾನ್ಯವಾಗಿ ಪ್ರತಿ ಫೀಲ್ಡಿಗೂ ಪ್ರತ್ಯೇಕ ಕೋಷ್ಟಕ, ಸಂಖ್ಯೆಯನ್ನು ಸಂಖ್ಯೆಯಾಗಿ, ಪಠ್ಯವನ್ನು ಪಠ್ಯವಾಗಿ ಇಡುವ ಶಿಸ್ತು. ಹಲವು ವಿಭಾಗ, ಹಲವು ಭಾಷೆ, ಹತ್ತಾರು ಬಗೆಯ ದಾಖಲೆ ಇರುವ ವಿಶ್ವವಿದ್ಯಾಲಯಕ್ಕೋ ಸಂಗ್ರಹಾಲಯಕ್ಕೋ ನಾನು ಡ್ರೂಪಲ್ಲನ್ನೇ ಸೂಚಿಸುತ್ತೇನೆ. ನಮ್ಮ ಪ್ರಕಾಶಕರ 600 ಪುಸ್ತಕಗಳಿಗೆ, ಫೀಲ್ಡುಗಳನ್ನು ಸರಿಯಾಗಿ ಮಾಡಿದರೆ, ವರ್ಡ್‌ಪ್ರೆಸ್ ಧಾರಾಳವಾಗಿ ಸಾಕು. ಅದರಲ್ಲಿ ಕೆಲಸ ಮಾಡಬಲ್ಲವರು ಜಿಲ್ಲಾ ಕೇಂದ್ರಗಳಲ್ಲೂ ಸಿಗುತ್ತಾರೆ ಎನ್ನುವುದು ಸಣ್ಣ ಕಚೇರಿಗೆ ದೊಡ್ಡ ಬಲ.

ಕನ್ನಡದ ಸೈಟ್ ಕಟ್ಟುವವರು ಡೇಟಾಬೇಸ್‌ನ ಇನ್ನೊಂದು ಮೂಲೆಯನ್ನೂ ನೋಡಬೇಕು. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್ ಬೇಕು. ಗುಣಿತದ ಚಿಹ್ನೆ, ಅನುಸ್ವಾರ, ಒತ್ತಕ್ಷರ ಮೂಡಿಸುವ ವಿರಾಮ ಎಲ್ಲವೂ ಪ್ರತ್ಯೇಕ ಸಂಕೇತಗಳೇ. ಇವನ್ನು ವೆಬ್ ವಿಳಾಸದಲ್ಲಿ ಬರೆಯುವಾಗ ಪ್ರತಿ ಬೈಟೂ ಒಂದು ಶೇಕಡಾ ಚಿಹ್ನೆ ಮತ್ತು ಎರಡು ಅಕ್ಷರಗಳಾಗಿ ಹಿಗ್ಗುತ್ತದೆ. ಹಾಗಾಗಿ ಕನ್ನಡದ ಒಂದು ಸಂಕೇತ ಒಂಬತ್ತು ಜಾಗ ತಿನ್ನುತ್ತದೆ. ‘ಬೆಂಗಳೂರು’ ಎಂಬ ಒಂದೇ ಪದಕ್ಕೆ 72. ವರ್ಡ್‌ಪ್ರೆಸ್ ಶೀರ್ಷಿಕೆಯಿಂದ ತಾನೇ ವಿಳಾಸ ತಯಾರಿಸುವಾಗ ಅದಕ್ಕಿರುವ ಮಿತಿ 200. ‘ಕರ್ನಾಟಕದ ಕೆರೆಗಳು ಮತ್ತು ಅಂತರ್ಜಲ’ ಎಂದು ಶೀರ್ಷಿಕೆ ಕೊಟ್ಟರೆ ವಿಳಾಸ ‘ಮತ್ತು’ ದಾಟಿ ‘ಅ’ಗೆ ಬಂದು ನಿಂತುಬಿಡುತ್ತದೆ. ಅಂತರ್ಜಲ ಒಳಗೆ ಬರುವುದೇ ಇಲ್ಲ. ಆ ವಿಳಾಸವನ್ನು ವಾಟ್ಸಾಪ್‌ಗೆ ಹಾಕಿದರೆ ಶೇಕಡಾ ಚಿಹ್ನೆಗಳ ಸಾಲುಸಾಲು ಕಾಣುವುದೂ ಉಂಟು. ವಿಳಾಸದ ಭಾಗವನ್ನು ರೋಮನ್ ಲಿಪಿಯಲ್ಲಿ ಚುಟುಕಾಗಿ ಕೈಯಿಂದಲೇ ಬರೆಯಬೇಕೋ, ಕನ್ನಡದಲ್ಲೇ ಪುಟ್ಟದಾಗಿ ಇಡಬೇಕೋ ಎಂಬುದನ್ನು ಮೊದಲ ದಿನವೇ ತೀರ್ಮಾನಿಸಬೇಕು. ಮುಂದೆ ಬದಲಿಸಿದರೆ ಹಂಚಿಕೊಂಡ ಕೊಂಡಿಗಳು ಮುರಿಯಬಹುದು.

ಪ್ರಕಾಶಕರ ಹಳೆಯ ಡಿಟಿಪಿ ಕಡತಗಳಂತೂ ನುಡಿ, ಬರಹ ಕಾಲದ ಹಳೆಯ ಫಾಂಟುಗಳಲ್ಲಿರುತ್ತವೆ. ಅಲ್ಲಿ ಕಣ್ಣಿಗೆ ಕನ್ನಡ ಕಂಡರೂ ಒಳಗೆ ಉಳಿದಿರುವುದು ಲ್ಯಾಟಿನ್ ಚಿಹ್ನೆಗಳು. ಹಾಗೇ ನಕಲಿಸಿ ಸಿಎಂಎಸ್‌ಗೆ ಅಂಟಿಸಿದರೆ ಅರ್ಥವಿಲ್ಲದ ಗುರುತುಗಳು ಬಂದು ಬೀಳುತ್ತವೆ. ಯುನಿಕೋಡ್‌ಗೆ ಪರಿವರ್ತಿಸಿ, ಕರಡು ತಿದ್ದುವ ಕೆಲಸಕ್ಕೆ ಬೇರೆಯೇ ಸಮಯ ಮತ್ತು ಹಣ ಬೇಕೆಂದು ಕೊಟೇಶನ್‌ನಲ್ಲೇ ಬರೆಯುವುದು ಇಬ್ಬರಿಗೂ ಒಳ್ಳೆಯದು. ಒಂದು ಕಾಲದಲ್ಲಿ ಕನ್ನಡದ ಅದೆಷ್ಟೋ ಸೈಟುಗಳು ಇಂಥ ಫಾಂಟುಗಳಲ್ಲೇ ಇದ್ದವು. ಅವುಗಳ ಬರಹ ಗೂಗಲ್ ಹುಡುಕಾಟಕ್ಕೆ ಸಿಗದೆ ಹೋದದ್ದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಇನ್ನು ಸಿಎಂಎಸ್‌ನ ಆಯುಷ್ಯದ ಮಾತು. ವರ್ಡ್‌ಪ್ರೆಸ್ ಹುಟ್ಟಿದ್ದೇ ಒಂದು ತಂತ್ರಾಂಶ ನಿಂತುಹೋದಾಗ. ಮಿಶೆಲ್ ವಾಲ್ಡ್ರಿಘಿ ಬರೆದಿದ್ದ ಬಿ2 ಎಂಬ ಬ್ಲಾಗ್ ತಂತ್ರಾಂಶದ ಕೆಲಸ ನಿಂತಿತ್ತು. ಅದು ಜಿಪಿಎಲ್ ಪರವಾನಗಿಯಲ್ಲಿ ಮುಕ್ತವಾಗಿದ್ದರಿಂದ ಮ್ಯಾಟ್ ಮಲೆನ್‌ವೆಗ್ ಮತ್ತು ಮೈಕ್ ಲಿಟ್ಲ್ ಅದೇ ಕೋಡನ್ನು ಎತ್ತಿಕೊಂಡು ಮುಂದುವರಿಸಿದರು. 2003ರ ಮೇ ತಿಂಗಳಲ್ಲಿ ಮೊದಲ ಆವೃತ್ತಿ ಬಂತು. ಮರುವರ್ಷ ಮೂವಬಲ್ ಟೈಪ್ ಎಂಬ ಜನಪ್ರಿಯ ತಂತ್ರಾಂಶ ತನ್ನ ಪರವಾನಗಿಯ ಷರತ್ತು, ದರಗಳನ್ನು ಬದಲಿಸಿದಾಗ ಬಹಳಷ್ಟು ಬಳಕೆದಾರರು ವರ್ಡ್‌ಪ್ರೆಸ್‌ಗೆ ಬಂದರು. ಹಾಗೆಂದು ಮುಕ್ತ ಪರವಾನಗಿಯೊಂದರಿಂದಲೇ ನಿಶ್ಚಿಂತೆಯಿಂದ ಇರಲಾಗದು. 2024ರಲ್ಲಿ ಮಲೆನ್‌ವೆಗ್ ಮತ್ತು ಡಬ್ಲ್ಯುಪಿ ಎಂಜಿನ್ ಎಂಬ ಹೋಸ್ಟಿಂಗ್ ಕಂಪನಿಯ ನಡುವಿನ ಜಗಳ ಕೋರ್ಟಿಗೆ ಹೋಯಿತು. ಅಕ್ಟೋಬರ್‌ನಲ್ಲಿ, ಆ ಕಂಪನಿಯ ‘ಅಡ್ವಾನ್ಸ್ಡ್ ಕಸ್ಟಮ್ ಫೀಲ್ಡ್ಸ್’ ಪ್ಲಗಿನ್ ವರ್ಡ್‌ಪ್ರೆಸ್‌ನ ಅಧಿಕೃತ ಭಂಡಾರದಲ್ಲಿ ‘ಸೆಕ್ಯೂರ್ ಕಸ್ಟಮ್ ಫೀಲ್ಡ್ಸ್’ ಎಂಬ ಬೇರೆ ಹೆಸರಿಗೆ ತಿರುಗಿತು. ಡಿಸೆಂಬರ್‌ನಲ್ಲಿ ನ್ಯಾಯಾಲಯ ಕಂಪನಿಯ ಪರ ಮಧ್ಯಂತರ ಆದೇಶ ಕೊಟ್ಟಿತು. ಬೆಲೆ, ಲೇಖಕರು ಎಂಬಂಥ ಫೀಲ್ಡುಗಳನ್ನು ಮಾಡಲು ಡೆವಲಪರ್‌ಗಳು ನೆಚ್ಚಿಕೊಂಡಿದ್ದ ಪ್ಲಗಿನ್ ಅದು. ಅದನ್ನು ಬಳಸಿದವರ ಮಾಹಿತಿ ಸಾಮಾನ್ಯ ಪೋಸ್ಟ್‌ಮೆಟಾ ಸಾಲುಗಳಲ್ಲೇ ಇದ್ದದ್ದರಿಂದ, ಮೇಲಿನ ಹೆಸರು ಬದಲಾದರೂ ಪುಸ್ತಕಗಳ ಬೆಲೆ ಎಲ್ಲೂ ಹೋಗಲಿಲ್ಲ.

ಡ್ರೂಪಲ್ ನಂಬಿದವರು ಬೇರೆ ಬೆಲೆ ತೆತ್ತರು. 2015ರಲ್ಲಿ ಬಂದ 8ನೇ ಆವೃತ್ತಿಯನ್ನು ಬಹುಮಟ್ಟಿಗೆ ಹೊಸದಾಗಿ ಬರೆಯಲಾಗಿತ್ತು. 7ರಿಂದ ಅಲ್ಲಿಗೆ ಹೋಗುವುದು ಹೊಸ ಮನೆ ಕಟ್ಟುವಷ್ಟೇ ಕೆಲಸ ಎಂದು ಎಷ್ಟೋ ಸೈಟುಗಳು ಹಳೆಯದರಲ್ಲೇ ಉಳಿದವು. 7ರ ಅಧಿಕೃತ ಬೆಂಬಲ ನಿಂತದ್ದು 2025ರ ಜನವರಿ 5ರಂದು.

ಭದ್ರತೆಯ ವಿಷಯದಲ್ಲಿ ಡ್ರೂಪಲ್ ತಂಡದ್ದೇ ಒಂದು ಎಚ್ಚರಿಕೆಯನ್ನು ಈ ಕಸುಬಿನವರೆಲ್ಲ ನೆನಪಿಡಬೇಕು. 2014ರ ಅಕ್ಟೋಬರ್ 15ರಂದು ಡ್ರೂಪಲ್ 7ರ ಗಂಭೀರ ದೋಷವೊಂದಕ್ಕೆ ತಿದ್ದುಪಡಿ ಬಿಡುಗಡೆಯಾಯಿತು. ಏಳು ಗಂಟೆಯೊಳಗೆ ಅದನ್ನು ಹಾಕಿಕೊಳ್ಳದ ಸೈಟುಗಳು ದಾಳಿಗೆ ತುತ್ತಾಗಿವೆ ಎಂದೇ ಭಾವಿಸಿ ಎಂದು ತಂಡ ಆಮೇಲೆ ತಿಳಿಸಿತು. ಆ ಏಳು ಗಂಟೆ ಮುಗಿಯುವ ಹೊತ್ತಿಗೆ ಭಾರತದಲ್ಲಿ ಬೆಳಗಿನ ಜಾವ. 40 ಗ್ರಾಹಕರ ಸೈಟುಗಳು ಐದು ಬೇರೆ ಬೇರೆ ಸಿಎಂಎಸ್‌ಗಳಲ್ಲಿರುವ ಇಬ್ಬರ ಕಚೇರಿ ಅಂಥ ರಾತ್ರಿಯನ್ನು ಹೇಗೆ ನಿಭಾಯಿಸುತ್ತದೆ? ಒಂದೆರಡು ವ್ಯವಸ್ಥೆಗಳನ್ನಷ್ಟೇ ಆಳವಾಗಿ ಕಲಿಯಿರಿ, ನಲವತ್ತಕ್ಕೂ ಒಂದೇ ಪ್ಲಗಿನ್ ಗುಂಪನ್ನು ಬಳಸಿ, ಎಎಂಸಿ, ಅಂದರೆ ವಾರ್ಷಿಕ ನಿರ್ವಹಣೆಯ ಒಪ್ಪಂದ, ಇಲ್ಲದೆ ಸೈಟ್ ಒಪ್ಪಿಸಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ವರ್ಡ್‌ಪ್ರೆಸ್ 2013ರಿಂದ ಸಣ್ಣ ಭದ್ರತಾ ತಿದ್ದುಪಡಿಗಳನ್ನು ತಾನೇ ಹಾಕಿಕೊಳ್ಳುತ್ತದೆ. ಆದರೆ ಕೈಬಿಟ್ಟ ಪ್ಲಗಿನ್‌ಗಳಿಗೆ ತಿದ್ದುಪಡಿ ಬರುವುದೇ ಇಲ್ಲ.

ಎಲ್ಲರಿಗೂ ಡೇಟಾಬೇಸ್ ಬೇಕೆಂದೇನಿಲ್ಲ. ವರ್ಷಕ್ಕೊಮ್ಮೆ ಸಮಯ ಬದಲಿಸುವ ಐದು ಪುಟದ ಕ್ಲಿನಿಕ್ ಸೈಟಿಗೆ ಹ್ಯೂಗೋ, ಜೆಕಿಲ್‌ನಂಥ ಸ್ಟ್ಯಾಟಿಕ್ ಸೈಟ್ ಜನರೇಟರ್ ಸಾಕು. ಪುಟಗಳು ಮೊದಲೇ ತಯಾರಾಗಿರುತ್ತವೆ. ಲಾಗಿನ್ ಪುಟವೂ ಇಲ್ಲ, ನುಗ್ಗಲು ಆ ದಾರಿಯೂ ಇಲ್ಲ. ತಿದ್ದುಪಡಿಯನ್ನು ಕ್ಲಿನಿಕ್‌ನ ರಿಸೆಪ್ಷನಿಸ್ಟೇ ದಿನಾ ಮಾಡಬೇಕೆಂದರೆ ಮಾತ್ರ ಇದು ಕಷ್ಟ. ಬಟ್ಟೆ ಅಂಗಡಿಗೆ ಆನ್‌ಲೈನ್ ಮಾರಾಟವೇ ಮುಖ್ಯವಾದರೆ ಶಾಪಿಫೈ ಬಾಡಿಗೆ ನ್ಯಾಯವಾದದ್ದೇ, ಉತ್ಪನ್ನಗಳ ಪಟ್ಟಿಯನ್ನು ಸಿಎಸ್‌ವಿ ಕಡತವಾಗಿ ಹೊರತೆಗೆಯಬಹುದು. ವಿಕ್ಸ್‌ನಲ್ಲಿ ಕಟ್ಟಿದ ಸೈಟನ್ನು ಹಾಗೇ ಎತ್ತಿ ಬೇರೆ ಸರ್ವರ್‌ನಲ್ಲಿ ಇಡಲಾಗದು. ಇದನ್ನು ಗ್ರಾಹಕರಿಗೆ ಮೊದಲೇ ಹೇಳಿ ಒಪ್ಪಿಗೆ ಪಡೆಯಬೇಕು.

ಮುಂಗಡ ಪಡೆಯುವ ಮುನ್ನ ಅರ್ಧ ದಿನ ತೆಗೆದಿಡಿ. ನಿಮ್ಮ ಮನಸ್ಸಿನಲ್ಲಿರುವ ಸಿಎಂಎಸ್‌ನಲ್ಲಿ ಪ್ರಕಾಶಕರ ಹತ್ತು ಪುಸ್ತಕಗಳನ್ನು ಸೇರಿಸಿ, ಎಕ್ಸ್‌ಪೋರ್ಟ್ ಮಾಡಿ, ಬಂದ ಕಡತವನ್ನು ಸಾದಾ ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆಯಿರಿ. ಲೇಖಕರ ಹೆಸರು, ಬೆಲೆ, ವರ್ಷ ಬಿಡಿಬಿಡಿಯಾಗಿ, ಓದಲು ಬರುವ ಕನ್ನಡದಲ್ಲಿ ಸಿಕ್ಕರೆ ಕೆಲಸ ಶುರು ಮಾಡಬಹುದು. ಅಂಥದ್ದೇ ಒಂದು ಕಡತವನ್ನು ವರ್ಷಕ್ಕೊಮ್ಮೆ ಪ್ರಕಾಶಕರ ಕೈಗೆ ಕೊಡುತ್ತೇವೆ, ಡೊಮೇನ್ ಅವರ ಹೆಸರಿನಲ್ಲೇ ನೋಂದಾಯಿಸುತ್ತೇವೆ ಎಂಬ ಎರಡು ಸಾಲು ಕರಾರಿನಲ್ಲಿ ಇರಲಿ.